ಕೃತಿಯನ್ನು ಓದುವಾಗ ಸಾಮ್ರಾಜ್ಯದ ಲೆಕ್ಕ ಬೇಕೇ?

ಪರ

ಕಾರವಾರದ ಕಡಲತೀರಕ್ಕೆ ರವೀಂದ್ರನಾಥ ಟ್ಯಾಗೋರರ ಹೆಸರಿದೆ. ಹರೆಯದಲ್ಲಿ ಅವರು ಇಲ್ಲಿ ಅಣ್ಣನ ಮನೆಯಲ್ಲಿ ಉಳಿದು, ಬೆಳದಿಂಗಳಲ್ಲಿ ಕಾಳಿ ನದಿಯ ಮೇಲೆ ದೋಣಿಯಲ್ಲಿ ಸಾಗಿದ್ದನ್ನೂ ‘ಪ್ರಕೃತಿರ್ ಪ್ರತಿಶೋಧ’ ನಾಟಕ ಬರೆದದ್ದನ್ನೂ ನಾವು ಅಭಿಮಾನದಿಂದ ಹೇಳಿಕೊಳ್ಳುತ್ತೇವೆ. ಬಂಗಾಳದ ಆ ಅಣ್ಣ ಇಲ್ಲಿಗೇಕೆ ಬಂದಿದ್ದರೆಂದು ಮಾತ್ರ ಕೇಳುವುದಿಲ್ಲ. ಆ ಅಣ್ಣ ಸತ್ಯೇಂದ್ರನಾಥರು ಬ್ರಿಟಿಷ್ ಆಡಳಿತದ ಉನ್ನತ ನಾಗರಿಕ ಸೇವೆಯಾದ ಐಸಿಎಸ್ ಸೇರಿದ ಮೊದಲ ಭಾರತೀಯರು, ಆಗ ಇಲ್ಲಿಯ ನ್ಯಾಯಾಧೀಶರು. 1862ರಲ್ಲಿ ಈ ಉತ್ತರ ಕನ್ನಡ ಜಿಲ್ಲೆ ಮದ್ರಾಸಿನಿಂದ ಮುಂಬೈ ಪ್ರಾಂತಕ್ಕೆ ಸೇರಿದ್ದರ ಹಿಂದೆ ಧಾರವಾಡ ಸೀಮೆಯ ಹತ್ತಿಯನ್ನು ಕಾರವಾರ ಬಂದರಿನಿಂದ ಹಡಗಿಗೇರಿಸುವ ವ್ಯಾಪಾರಿಗಳ ಲೆಕ್ಕಾಚಾರವಿತ್ತು. ಮುಂಬೈ ಪ್ರಾಂತದ ಅಧಿಕಾರಿಯೊಬ್ಬರು ಇಲ್ಲಿಗೆ ವರ್ಗವಾಗಿ ಬರುವ ದಾರಿ ತೆರೆದದ್ದು ಹಾಗೆ; ಕವಿ ಬಂದದ್ದು ಅವರ ಬೆನ್ನಿಗೆ.

ವಿಮರ್ಶಕ ಎಡ್ವರ್ಡ್ ಸೈದ್ 1993ರಲ್ಲಿ ಇಂಗ್ಲೆಂಡಿನ ಜೇನ್ ಆಸ್ಟಿನ್ನಳ ‘ಮ್ಯಾನ್ಸ್‌ಫೀಲ್ಡ್ ಪಾರ್ಕ್’ ಕಾದಂಬರಿಯನ್ನು ಓದಿ ತೋರಿಸಿದ್ದೂ ಇಂಥದನ್ನೇ. ಕಾದಂಬರಿಯ ಆ ಸಿರಿವಂತ ಮನೆಯ ನೆಮ್ಮದಿಗೆ ಬ್ರಿಟಿಷ್ ವಸಾಹತಾದ ಆ್ಯಂಟಿಗುವಾ ದ್ವೀಪದ ತೋಟದ ಆದಾಯ ಆಸರೆಯಾಗಿತ್ತು. ಅಷ್ಟಕ್ಕೇ ಕಾದಂಬರಿ ಕಳಪೆಯೆಂದು ಅವರು ಹೇಳಲಿಲ್ಲ.

ಭಾಷೆಯ ಮಾತಂತೂ ಇನ್ನೂ ಸ್ಪಷ್ಟ. ಕೀನ್ಯಾದ ಲೇಖಕ ಗೂಗಿ ವಾ ಥಿಯಾಂಗೊ ಇಂಗ್ಲಿಷಿನಲ್ಲಿ ಕಟುವಾಗಿ ಬರೆದಾಗ ಸುಮ್ಮನಿದ್ದ ಸರ್ಕಾರ, ಅವರು ಹಳ್ಳಿಗರೊಡನೆ ತಮ್ಮ ನೆಲದ ಗಿಕುಯು ಭಾಷೆಯಲ್ಲಿ ನಾಟಕ ಆಡಿಸಿದ ಮೇಲೆ, 1977ರ ಕೊನೆಯಲ್ಲಿ ಅವರನ್ನು ಹಿಡಿದು ಸೆರೆಗೆ ಹಾಕಿತು. ಸಾಹಿತ್ಯಕ್ಕೂ ರಾಜಕೀಯಕ್ಕೂ ಇರುವ ನಂಟು ವಿಮರ್ಶಕರಿಗಿಂತ ಮೊದಲು ಪೊಲೀಸರಿಗೇ ತಿಳಿದಿತ್ತು.

ವಿರೋಧ

ಹತ್ತಿಯ ಕತೆ ನಿಜವೇ, ಒಪ್ಪಿದೆ. ಆದರೆ ಅದು ನಾಟಕದ ಬಾಗಿಲವರೆಗೆ ತಂದು ಬಿಡುತ್ತದೆಯೇ ಹೊರತು ಒಳಗೆ ಕರೆದೊಯ್ಯುವುದಿಲ್ಲ. ಟ್ಯಾಗೋರರ ಆ ನಾಟಕದಲ್ಲಿ ಲೋಕವನ್ನೇ ಗೆದ್ದೆನೆಂದುಕೊಂಡ ಸನ್ಯಾಸಿಯೊಬ್ಬ ಅನಾಥ ಹುಡುಗಿಯ ಮಮತೆಗೆ ಸಿಕ್ಕು, ಹೆದರಿ ಓಡಿಹೋಗಿ, ಮನಸ್ಸು ತಡೆಯದೆ ಮರಳುವಷ್ಟರಲ್ಲಿ ಅವಳು ಸತ್ತಿರುತ್ತಾಳೆ. ಅವನು ಮರಳಿದ್ದೇಕೆಂದು ಯಾವ ಬಂದರಿನ ಕಡತವೂ ಹೇಳಲಾರದು.

ಈ ಬಗೆಯ ಓದು ಸೂತ್ರವಾಗಿ ಗಟ್ಟಿಯಾದಾಗ ಏನಾಗುತ್ತದೆಂಬುದನ್ನು 1986ರಲ್ಲಿ ಕಂಡೆವು. ಮೂರನೆಯ ಜಗತ್ತಿನ ಕೃತಿಗಳೆಲ್ಲವೂ ರಾಷ್ಟ್ರದ ಅನ್ಯೋಕ್ತಿಗಳೆಂದು, ಅಂದರೆ ಒಬ್ಬರ ಕತೆಯ ನೆಪದಲ್ಲಿ ರಾಷ್ಟ್ರದ ಕತೆ ಹೇಳುವಂಥವೆಂದು, ಅಮೆರಿಕದ ಮಾರ್ಕ್ಸ್‌ವಾದಿ ವಿಮರ್ಶಕ ಫ್ರೆಡ್ರಿಕ್ ಜೇಮ್ಸನ್ ಬರೆದರು. ಮರುವರ್ಷವೇ ವಿಮರ್ಶಕ ಐಜಾಜ್ ಅಹ್ಮದ್ ಆ ‘ಎಲ್ಲ’ ಎಂಬ ಮಾತನ್ನೇ ಹಿಡಿದು ಜಗ್ಗಿದರು. ಅಹ್ಮದರೂ ಮಾರ್ಕ್ಸ್‌ವಾದಿಗಳೇ ಎಂಬುದನ್ನು ಮರೆಯಬಾರದು. ನಮ್ಮ ಹನೇಹಳ್ಳಿಯ ಯಶವಂತ ಚಿತ್ತಾಲರ ‘ಶಿಕಾರಿ’ ಕಾದಂಬರಿ 1979ರದು. ಮುಂಬೈಯ ಕಂಪನಿಯಲ್ಲಿ ಅಮಾನತಾದ ನಾಗಪ್ಪನನ್ನು ಬೇಟೆಯಾಡುವವರು ದೊರೆಗಳಲ್ಲ, ಪಕ್ಕದಲ್ಲೇ ಕುಳಿತು ಚಹಾ ಕುಡಿಯುವ ಪರಿಚಿತರು. ಅವನ ಭಯವನ್ನು ರಾಷ್ಟ್ರದ ಭಯವೆಂದು ಓದಹೊರಟರೆ ನಾಗಪ್ಪ ಕೈತಪ್ಪಿ ಹೋಗುತ್ತಾನೆ.

ಸಾಮ್ರಾಜ್ಯ, ವಸಾಹತು ಎಂಬ ಎರಡೇ ಪಾತ್ರಗಳ ಈ ಆಟದಲ್ಲಿ ನಮ್ಮೂರಿನ ಜಗಳಗಳಿಗೆ ಜಾಗ ಸಿಗುವುದಿಲ್ಲ ಎಂಬುದು ನನ್ನ ದೊಡ್ಡ ತಕರಾರು. ಚುಟುಕುಗಳ ಕವಿ ದಿನಕರ ದೇಸಾಯಿಯವರು ಗೇಣಿದಾರರನ್ನು ಸಂಘಟಿಸಿದಾಗ ಎದುರಿಗಿದ್ದದ್ದು ಬ್ರಿಟಿಷರಷ್ಟೇ ಅಲ್ಲ, ಗೇಣಿಯ ಭತ್ತ ಅಳೆಸಿಕೊಳ್ಳುತ್ತಿದ್ದ ಇಲ್ಲಿಯ ಒಡೆಯರೂ ಇದ್ದರು. ಟ್ಯಾಗೋರರ ನಾಟಕಕ್ಕೇ ಮತ್ತೆ ಬಂದರೆ, ಆ ಹುಡುಗಿಯನ್ನು ಜನ ಹತ್ತಿರ ಸೇರಿಸುವುದಿಲ್ಲ, ಏಕೆಂದರೆ ಅವಳು ರಘುವೆಂಬವನ ಮಗಳು, ಅವರ ಕಣ್ಣಿಗೆ ಮೈಲಿಗೆಯವಳು. ರಾಜಕೀಯ ಬೇಕಾದವರಿಗೆ ಅದು ಮಾತುಗಳಲ್ಲೇ ಎದುರಿಗಿದೆ. ಹತ್ತಿಯ ಮೂಟೆ ಬಿಚ್ಚುತ್ತ ಕುಳಿತವರ ಕಣ್ಣಿಗೆ ಅದೇ ಬೀಳಲಿಲ್ಲ.