ಸಿಂಕಿಗೆ ಬೂದಿ ಬಳಿದದ್ದು ನಾನಲ್ಲ

ತೊಳೆಯುವುದೇ ಇಲ್ಲವಂತೆ. ನಾನು!

ಎಲೆ ಎತ್ತಿ ಆಗಿತ್ತಷ್ಟೇ. ಹೊರಗೆ ವಾಶ್‌ಬೇಸಿನ್ ಇದ್ದರೂ ದೊಡ್ಡಮ್ಮ ಕೈ ತೊಳೆಯಲು ನೇರ ಅಡುಗೆಮನೆಗೇ ಬಂದರು. ನಲ್ಲಿ ನಿಲ್ಲಿಸಿದರು. ಸಿಂಕಿನ ಒಣ ಅಂಚಿನ ಮೇಲೆ ತೋರುಬೆರಳು ಎಳೆದರು, ಅದನ್ನು ಕಿಟಕಿಯ ಬೆಳಕಿಗೆ ಹಿಡಿದರು, ಹೆಬ್ಬೆರಳಿನಿಂದ ತಿಕ್ಕಿ ನೋಡಿದರು. ಆಮೇಲೆ ನನ್ನ ಕಡೆಗಲ್ಲ, ನಾದಿನಿಯ ಕಡೆಗೆ ತಿರುಗಿ, "ಕಪ್ಪು ಸಿಂಕು ಎಂದಿದ್ದರಲ್ಲ, ಇದು ಬೂದಿ ಬಣ್ಣದ್ದಲ್ಲವೇ?" ಎಂದರು. ನಾದಿನಿ ನಕ್ಕಳು. ಇವರೂ ನಕ್ಕರು! ನಾನು ಪಾಯಸದ ಪಾತ್ರೆ ಹಿಡಿದು ನಿಂತಿದ್ದೆ. "ಅದು ಬೋರ್ ನೀರಿನ ಉಪ್ಪು, ದೊಡ್ಡಮ್ಮ" ಎನ್ನುವಷ್ಟರಲ್ಲಿ, "ಇರಲಿ ಬಿಡಮ್ಮ, ತೊಳೆಯಲು ನಿನಗೆ ಪುರುಸೊತ್ತಾದರೂ ಎಲ್ಲಿ" ಎಂದುಬಿಟ್ಟರು. ಬೈದಿದ್ದರೂ ವಾಸಿಯಿತ್ತು.

ಕೋಲಾರದಲ್ಲೇ ಹುಟ್ಟಿ ಬೆಳೆದವರು ಅವರು! ಸಾವಿರ ಅಡಿ ಕೆಳಗಿನ ನೀರು ಎಂಥದ್ದೆಂದು ಗೊತ್ತಿಲ್ಲವೇ? ಅವರ ಬಚ್ಚಲಿನ ಹಂಡೆಯ ಒಳಗೆ ಕೈಯಾಡಿಸಿದರೆ ಬಿಳಿ ಪದರ ಕಿತ್ತು ಬರುತ್ತದೆ. ನನ್ನ ಸಿಂಕು ಮಾಸಿಲ್ಲ. ಕ್ವಾರ್ಟ್ಜ್ ಪುಡಿಯನ್ನು ರಾಳದಲ್ಲಿ ಕಲಸಿ ಎರಕ ಹೊಯ್ದದ್ದು ಅದು, ಬಣ್ಣ ಒಳಗಿನವರೆಗೂ ಇದೆ. ನೀರು ಆರಿದ ಮೇಲೆ ಕ್ಯಾಲ್ಸಿಯಂ ಕೂತುಕೊಳ್ಳುತ್ತದೆ, ಅಷ್ಟೇ. ಸ್ಟೀಲ್ ಸಿಂಕಿನಲ್ಲೂ ಕೂರುತ್ತದೆ, ಆದರೆ ಅಲ್ಲಿ ಇಷ್ಟು ಕಣ್ಣಿಗೆ ಹೊಡೆಯುವುದಿಲ್ಲ.

ಇವರ ಸಲಹೆ ಬೇರೆ: ಆ್ಯಸಿಡ್ ಸುರಿ! ಸುರಿದರೆ ಮೇಲ್ಮೈಯೇ ಹಾಳು. ಸ್ಟೀಲ್ ನಾರೂ ಬೇಡ. ವಿನೆಗರಿಗೆ ಅಷ್ಟೇ ಬೆಚ್ಚನೆಯ ನೀರು ಬೆರೆಸಿ, ಬಟ್ಟೆ ಅದ್ದಿ ಹಾಸಿ, ಸ್ವಲ್ಪ ಹೊತ್ತಾದ ಮೇಲೆ ಮೆತ್ತನೆಯ ಸ್ಪಂಜಿನಲ್ಲಿ ಉಜ್ಜಿದರೆ ಬಿಡುತ್ತದೆ. ತೊಳೆದು, ಒಣಗಿಸಿ, ಒಂದೆರಡು ತೊಟ್ಟು ಮಿನರಲ್ ಆಯಿಲ್ ಸವರಿದರೆ ಮಿರಮಿರ ಮಿಂಚುತ್ತದೆ. ಮಿಂಚಿತು ಕೂಡ. ಆಮೇಲೆ ಒಂದು ಲೋಟ ತೊಳೆದೆ, ನೀರು ಆರಿತು, ಮತ್ತೆ ಬಿಳಿ. ಪ್ರತಿ ಸಲವೂ ಒರೆಸಬೇಕಂತೆ! ಯುಗಾದಿಯಿಂದ ಈಚೆಗೆ ನನ್ನ ತಲೆ ಎಣ್ಣೆ ಕಂಡಿಲ್ಲ, ರಾತ್ರಿ ಹನ್ನೊಂದಕ್ಕೆ ಸಿಂಕಿಗೆ ಅಭ್ಯಂಜನ ಮಾಡಿಸುತ್ತಿದ್ದೇನೆ.

"ಎತ್ತಿನಹೊಳೆ ನೀರು ಬರಲಿ, ಸಿಂಕು ತಾನೇ ಹೊಳೆಯುತ್ತದೆ" ಎನ್ನುತ್ತಾರೆ ಇವರು. ಪಶ್ಚಿಮಘಟ್ಟದ ಹೊಳೆ ನೀರನ್ನು ನಮ್ಮ ಕಡೆಗೆ ತರಲೆಂದು 2014ರಲ್ಲಿ ಶಂಕುಸ್ಥಾಪನೆಯಾದ ಯೋಜನೆ ಅದು. ಕಾಯುತ್ತೇನೆ ಬಿಡಿ.

ಇಲ್ಲ, ಕಾಯುವುದಿಲ್ಲ. "ಮೇಂಟೆನೆನ್ಸೇ ಬೇಡ ಮೇಡಂ" ಎಂದು ಮಾರಿದವರೇ, ಯಾವ ಊರಿನ ನೀರು ನೋಡಿ ಹಾಗೆಂದಿರಿ? ಅವರು ಹೇಳದಿದ್ದರೆ ಬೇರೆ ಯಾರಾದರೂ ಹೇಳಿ. ಕೋಲಾರದಲ್ಲಿ ಯಾರ ಮನೆಯಲ್ಲಾದರೂ ಕಪ್ಪು ಸಿಂಕು ಕಪ್ಪಾಗಿಯೇ ಇದ್ದರೆ ಫೋಟೊ ಹಾಕಿ. ತೊಳೆದ ತಕ್ಷಣ ತೆಗೆದದ್ದಲ್ಲ, ಒಣಗಿದ ಮೇಲೆ ತೆಗೆದದ್ದು.