ಒಂದೇ ಶಾಲು, ಊರಿಗೆಲ್ಲ ಸನ್ಮಾನ

ಸನ್ಮಾನ ಮಾಡೋದರಲ್ಲಿ ನಮ್ಮ ದಾವಣಗೆರೆಯವರನ್ನು ಮೀರಿಸುವವರಿಲ್ಲ ಅಂದುಕೊಂಡಿದ್ದೆ. ಅಮೆರಿಕದವರು ಮೀರಿಸಿಬಿಟ್ಟರು.

ಎರಡನೇ ಮಹಾಯುದ್ಧಕ್ಕೆ ಗಂಡಸರು ಹೋದಾಗ ಅಲ್ಲಿನ ಲಕ್ಷಾಂತರ ಹೆಂಗಸರು ಕಾರ್ಖಾನೆ ಸೇರಿದರು. ವಿಮಾನಕ್ಕೆ ರಿವೆಟ್ ಹೊಡೆದರು, ಹಡಗಿಗೆ ವೆಲ್ಡಿಂಗ್ ಮಾಡಿದರು. 1945ರಲ್ಲಿ ಯುದ್ಧ ಮುಗಿಯಿತು. ‘ಸಾಕು ತಾಯಿ, ಇನ್ನು ಮನೆಗೆ ಹೋಗು’ ಅಂತ ಬಹಳ ಜನರನ್ನು ಕಳಿಸಿಬಿಟ್ಟರು. ಸಂಸತ್ತಿನ ಚಿನ್ನದ ಪದಕ ಕೊಟ್ಟದ್ದು ಯಾವಾಗ? 2024ರ ಏಪ್ರಿಲ್‌ನಲ್ಲಿ. ಯುದ್ಧ ಮುಗಿದಾಗ ಹದಿನೆಂಟು ಇದ್ದವಳಿಗೂ ಆಗ ತೊಂಬತ್ತಾರು ದಾಟಿತ್ತು.

ಅದೂ ಪದಕ ಒಂದೇ ಒಂದು, ಎಲ್ಲರಿಗೂ ಸೇರಿ. ಚಿನ್ನದ್ದು ಸ್ಮಿತ್‌ಸೋನಿಯನ್ ಮ್ಯೂಸಿಯಂಗೆ, ಕಂಚಿನ ನಕಲು ಮಾಡಿ ಮಾರಬಹುದು ಅಂತ ಕಾನೂನಿನಲ್ಲೇ ಇದೆ. ಇದನ್ನು ಓದಿದರೆ ನಮ್ಮ ಸನ್ಮಾನ ಸಮಿತಿಗಳು ಹೊಟ್ಟೆ ಉರಿದುಕೊಳ್ಳುತ್ತವೆ. ಇಲ್ಲಿ ತಲೆಗೊಂದು ಶಾಲು, ಹಾರ, ಹಣ್ಣಿನ ಬುಟ್ಟಿ. ಸುಮ್ನೆ ಖರ್ಚು!

ಲಂಡನ್ನಿನವರು ಇನ್ನೂ ಜಾಣರು. 2005ರಲ್ಲಿ ವೈಟ್‌ಹಾಲ್ ರಸ್ತೆಯಲ್ಲಿ ಯುದ್ಧಕಾಲದ ಹೆಂಗಸರಿಗೆ ಕಂಚಿನ ಸ್ಮಾರಕ ನಿಲ್ಲಿಸಿದರು. ಸುತ್ತ ಕೋಟು, ಟೋಪಿ, ಕೆಲಸದ ಬಟ್ಟೆ ನೇತುಹಾಕಿದ ಹಾಗೆ ಕೆತ್ತಿದ್ದಾರೆ. ಹೆಂಗಸು ಮಾತ್ರ ಒಬ್ಬಳೂ ಇಲ್ಲ. ನಮ್ಮ ಮಹಿಳಾ ದಿನಾಚರಣೆಯ ವೇದಿಕೆಗಳೂ ಹೀಗೇ ಅಲ್ವಾ? ಪ್ರಾರ್ಥನೆ ಹಾಡುವ ಹುಡುಗಿಯರು ಇಳಿದು ಹೋದ ಮೇಲೆ ಉಳಿಯೋದು ಪೇಟ ಸುತ್ತಿಕೊಂಡ ಗಂಡಸರೇ.

ಹಾಗಾಗಿ ದಾವಣಗೆರೆಯಲ್ಲೂ ಒಂದು ಕಾರ್ಯಕ್ರಮ ಆಗಲಿ ಅಂತ ನನ್ನ ಸಲಹೆ. ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡ ಊರು ಇದು. ಮಿಲ್ಲುಗಳು ಬಾಗಿಲು ಹಾಕಿದವು, ಬಿರುದು ಮಾತ್ರ ಭಾಷಣಗಳಲ್ಲಿ ಗಟ್ಟಿಯಾಗಿದೆ. ಪೂರ್ವಭಾವಿ ಸಭೆ ಹೇಗೆ ನಡೆಯುತ್ತದೆ ಅಂತ ಈಗಲೇ ಹೇಳಬಲ್ಲೆ.

“ಮಿಲ್ಲಲ್ಲಿ ದುಡಿದ ಅಜ್ಜಿಯರನ್ನ ಹುಡುಕೋಣೇನ್ರಿ?” ಅಂತ ಯಾರೋ ಹೊಸಬ ಕೇಳುತ್ತಾನೆ.

“ಬ್ಯಾಡ್ರಿ. ಮೈಕ್ ಕೊಟ್ರೆ ಬಾಕಿ ಸಂಬಳದ ಮಾತು ತೆಗೀತಾರೆ,” ಅನ್ನುತ್ತಾರೆ ಅಧ್ಯಕ್ಷರು. “ಫ್ಲೆಕ್ಸ್‌ನಲ್ಲಿ ಆ ಅಮೆರಿಕದ ಹುಡುಗಿ ಫೋಟೋ ಹಾಕಿಸ್ರಿ. ಕೆಂಪು ಕರ್ಚೀಫ್ ಕಟ್ಕೊಂಡು ತೋಳು ಮಡಚಿದಾಳಲ್ಲ, ಅದು.”

ಅದು 1943ರ ಪೋಸ್ಟರ್. ವೆಸ್ಟಿಂಗ್‌ಹೌಸ್ ಕಂಪನಿ ತನ್ನ ಕಾರ್ಖಾನೆಗಳ ಒಳಗೆ ಎರಡು ವಾರ ತೂಗುಹಾಕಿ ತೆಗೆದದ್ದು. ಕೆಲಸಗಾರರು ಹುರುಪಿನಿಂದ ಇರಲಿ, ತಕರಾರು ತೆಗೆಯದಿರಲಿ ಅಂತ ಮಾಡಿಸಿದ್ದು. ಅದಕ್ಕೆ ಮೂಲ ಅನ್ನುವ ಫೋಟೋದಲ್ಲಿರುವುದು ನವೋಮಿ ಪಾರ್ಕರ್. ಆದರೆ ವರ್ಷಗಟ್ಟಲೆ ಬೇರೊಬ್ಬಳ ಹೆಸರೇ ಓಡಾಡಿತು. ನಮ್ಮ ಫ್ಲೆಕ್ಸ್ ಅಂಗಡಿಯವರಿಗೆ ಇದು ದೊಡ್ಡ ಸಮಾಧಾನ.

ಕುರ್ಚಿ ತುಂಬಿಸುವ ಚಿಂತೆ ಇಲ್ಲ. ಮಂಡಕ್ಕಿ ಭಟ್ಟಿಗೆ ಒಬ್ಬ ಕಾರ್ಯದರ್ಶಿ ಹೋಗಿ ಬರುತ್ತಾನೆ. ಅಲ್ಲಿ ಕಾದ ಮರಳಿನ ಝಳಕ್ಕೆ ಸೆರಗನ್ನು ಮೂಗಿಗೆ ಕಟ್ಟಿಕೊಂಡು ಚೀಲ ತುಂಬುತ್ತಿರುವವಳು ತಲೆ ಎತ್ತದೇ ಕೇಳುತ್ತಾಳೆ: “ಅವತ್ತಿನ ಕೂಲಿ ಯಾರು ಕೊಡ್ತಾರಣ್ಣ?”

ಸಮಿತಿ ಕಾಲೇಜು ಹುಡುಗಿಯರನ್ನೇ ಕರೆಸಲು ತೀರ್ಮಾನಿಸುತ್ತದೆ. ಕೆಂಪು ಕರ್ಚೀಫು ಅವರೇ ತರಬೇಕು.