ಲ್ಯಾಂಡ್ ಆರ್ಮಿ ಹುಡುಗಿಯರ ಬಗ್ಗೆ ಒಂದು ಸ್ಪಷ್ಟನೆ

ಎರಡನೇ ಮಹಾಯುದ್ಧದ ಕಾಲದ ಬ್ರಿಟನ್ನಿನ ಫೋಟೋ ಒಂದು ಓಡಾಡುತ್ತಿದೆ. ಹೊಲದಲ್ಲಿ ನಗುತ್ತಾ ನಿಂತ ಹುಡುಗಿಯರು. ಜೊತೆಗೆ ಈ ಮಾತು: 'ಇವರೆಲ್ಲ ಹಳ್ಳಿಯ ರೈತರ ಮಕ್ಕಳು, ಸಂಬಳವಿಲ್ಲದೆ ದುಡಿದರು, 1945ಕ್ಕೆ ಮನೆಗೆ ಹೋದರು.' ಮೂರೂ ಸರಿಯಲ್ಲ.

ಇವರು ವಿಮೆನ್ಸ್ ಲ್ಯಾಂಡ್ ಆರ್ಮಿಯವರು, ಅಂದರೆ ಯುದ್ಧಕಾಲದಲ್ಲಿ ಹೊಲ-ತೋಟಗಳಲ್ಲಿ ದುಡಿಯಲು ಕಟ್ಟಿದ ಮಹಿಳೆಯರ ಪಡೆಯವರು. ಮೊದಲ ಯುದ್ಧದಲ್ಲಿದ್ದ ಈ ಪಡೆಯನ್ನು 1939ರ ಜೂನ್‌ನಲ್ಲಿ ಮತ್ತೆ ಕಟ್ಟಲಾಯಿತು. ಸುಮಾರು ಮೂರನೇ ಒಂದು ಭಾಗ ಹುಡುಗಿಯರು ಲಂಡನ್ ಮತ್ತು ಉತ್ತರದ ಕೈಗಾರಿಕಾ ಊರುಗಳಿಂದ ಬಂದವರು. ಹಸುವಿನ ಕೆಚ್ಚಲು ಮುಟ್ಟಿಯೇ ಗೊತ್ತಿಲ್ಲದವರು ಹಾಲು ಕರೆದರು, ಟ್ರ್ಯಾಕ್ಟರ್ ಓಡಿಸಿದರು, ಇಲಿ ಹಿಡಿದರು. ಚಳಿಯಲ್ಲಿ ಆಲೂಗಡ್ಡೆ ಕಿತ್ತರು.

ಸಂಬಳ ಇತ್ತು, ಆದರೆ ಗಂಡಸರಿಗಿಂತ ಕಡಿಮೆ. ಅದರಲ್ಲೇ ಊಟ, ವಸತಿಗೆ ಹಣ ಕಡಿತ. ಕೆಲವರು ಒಂಟಿ ತೋಟದ ಮನೆಗಳಲ್ಲಿ ಇರಬೇಕಾಯಿತು. ಹಾಸ್ಟೆಲ್ ಸಿಕ್ಕವರದು ಬೇರೆ ಕಥೆ: ಒಂದೇ ಕೋಣೆಯಲ್ಲಿ ಹಾಸಿಗೆ, ಒಟ್ಟಿಗೆ ಊಟ, ಸಂಜೆ ಒಟ್ಟಿಗೆ ಡ್ಯಾನ್ಸ್. ಆ ಗೆಳೆತನ ಎಷ್ಟೋ ಜನರಿಗೆ ಜೀವನಪೂರ್ತಿ ಉಳಿಯಿತು. ಫೋಟೋದ ನಗು ಸುಳ್ಳಲ್ಲ, ಅಲ್ವಾ? ಆದರೆ ದುಡಿಮೆ ಮರೆಸಿ ನಗು ಮಾತ್ರ ತೋರಿಸುವುದು ಅನ್ಯಾಯ.

ಪಡೆ ಮುಚ್ಚಿದ್ದು 1945ರಲ್ಲಲ್ಲ, 1950ರಲ್ಲಿ. ಯುದ್ಧಾನಂತರದ ಸವಲತ್ತುಗಳಿಂದ ಈ ಹುಡುಗಿಯರನ್ನು ಹೊರಗಿಟ್ಟರು. ಅದನ್ನು ಪ್ರತಿಭಟಿಸಿ ಪಡೆಯ ಮುಖ್ಯಸ್ಥೆ ಲೇಡಿ ಡೆನ್‌ಮನ್ 1945ರ ಫೆಬ್ರುವರಿಯಲ್ಲಿ ರಾಜೀನಾಮೆ ಕೊಟ್ಟರು. ಬದುಕಿದ್ದವರಿಗೆ ಸರ್ಕಾರ ಗೌರವದ ಬ್ಯಾಡ್ಜ್ ಕೊಟ್ಟದ್ದು 2008ರಲ್ಲಿ. ದಯವಿಟ್ಟು ಆ ಫೋಟೋ ಹಂಚುವಾಗ ಈ ವಿವರವನ್ನೂ ಸೇರಿಸಿ.